ಹಳೇ ಮಿಯಾಟಾಗೆ ಹೊಸ ರೇಡಿಯೇಟರ್: ಆರಿಸುವುದು ಹೇಗೆ?

ಕಾರಿನ ಬಾನೆಟ್ ಎತ್ತಿ. ಎಂಜಿನ್ ನೀರನ್ನು ತಂಪು ಮಾಡುವ ರೇಡಿಯೇಟರ್ ಮೇಲಿರುವ ಪ್ಲಾಸ್ಟಿಕ್ ಟ್ಯಾಂಕಿನ ಬಣ್ಣ ನೋಡಿ. ಅಚ್ಚ ಕಪ್ಪಗಿದ್ದರೆ ಇನ್ನೂ ಸಮಯ ಇದೆ. ಕಪ್ಪು ಹೋಗಿ ಕಂದು ತಿರುಗಿ, ಅದರಲ್ಲಿ ತುಸು ಹಸಿರು ಬೆರೆತಿದ್ದರೆ, ಅಂದರೆ ಒಣಗಿದ ಸಗಣಿಯ ಬಣ್ಣ ಬಂದಿದ್ದರೆ, ಈ ವಾರವೇ ಹೊಸದನ್ನು ಹುಡುಕಲು ಶುರು ಮಾಡಿ. ಬಿಸಿ ತಿಂದು ತಿಂದು ಪ್ಲಾಸ್ಟಿಕ್ ಹಪ್ಪಳವಾಗಿದೆ ಅಂತ ಅರ್ಥ.

ನಾನು ಇಲ್ಲಿ ಹೇಳುತ್ತಿರುವುದು ಮಜ್ದಾ ಕಂಪನಿಯ ಮೊದಲ ತಲೆಮಾರಿನ ಎಂಎಕ್ಸ್-5 ಬಗ್ಗೆ. ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಲೇ ಕರೆಯುತ್ತಾರೆ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಕಾಣಿಸಿಕೊಂಡ ಎರಡು ಸೀಟಿನ ಪುಟ್ಟ ಕಾರು. ಅಮೆರಿಕದಲ್ಲಿ ಮೊದಲು 1.6 ಲೀಟರ್ ಎಂಜಿನ್, 1994ರ ಮಾಡೆಲ್‌ನಿಂದ 1.8 ಲೀಟರ್. ಈ ತಲೆಮಾರು 1997ಕ್ಕೆ ಮುಗಿಯಿತು. ಕಂಪನಿಯಿಂದ ಬಂದ ರೇಡಿಯೇಟರ್ ಇನ್ನೂ ಹಾಗೇ ಇದ್ದರೆ ಅದಕ್ಕೆ ಕಾಲು ಶತಮಾನ ಮೀರಿದೆ.

ಸ್ಯಾನ್ ಹೋಸೆಯಿಂದ ಸಾಂಟಾ ಕ್ರೂಜ್ ಕಡೆ ಬೆಟ್ಟ ಹತ್ತುವ ಹೈವೇ 17ರಲ್ಲಿ, ಒಂದು ಜುಲೈ ಭಾನುವಾರ, ನನ್ನ 1992ರ ಕಾರಿನ ಟ್ಯಾಂಕ್ ಬಾಯಿ ಬಿಟ್ಟಿತು. ಮೊದಲು ಸಿಹಿ ವಾಸನೆ ಬಂತು, ಬೆಲ್ಲದ ಪಾಕ ಸೀದಂತೆ. ಆಮೇಲೆ ಗಾಜಿನ ಮೇಲೆ ಸಣ್ಣ ಹನಿ. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುವ ಮೊದಲೇ ಎಂಜಿನ್ ಆಫ್ ಮಾಡಿದ್ದರಿಂದ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಉಳಿಯಿತು. ಈ ಎಂಜಿನ್ನಿನ ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದ್ದು. ಸಿಕ್ಕಾಪಟ್ಟೆ ಬಿಸಿಯಾದರೆ ಹೆಡ್ ಸೊಟ್ಟಗಾಗುತ್ತದೆ. ಆಗ ಬರುವ ಖರ್ಚಿನ ಮುಂದೆ ರೇಡಿಯೇಟರ್ ದುಡ್ಡು ಏನೂ ಅಲ್ಲ.

ಮೊದಲು ತಪ್ಪು ಯಾರದ್ದು ಅಂತ ನೋಡಿ

ಗಾಡಿ ಬಿಸಿಯಾದ ತಕ್ಷಣ ರೇಡಿಯೇಟರ್ ಖರೀದಿಗೆ ಓಡಬೇಡಿ. ಎಲ್ಲಿ ಬಿಸಿಯಾಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಏರಿ, ಓಡಿಸಲು ಶುರು ಮಾಡಿದಾಗ ಇಳಿದರೆ ಫ್ಯಾನ್ ಮೇಲೆ ಅನುಮಾನ ಪಡಿ. ಪರೀಕ್ಷೆ ಸುಲಭ. ಬಾನೆಟ್ ಕೆಳಗೆ ಒಂದು ಪುಟ್ಟ ಡಯಾಗ್ನಾಸಿಸ್ ಡಬ್ಬಿ ಇದೆ. ಅದರ ಮುಚ್ಚಳದ ಒಳಗೇ ಯಾವ ತೂತಿಗೆ ಏನು ಹೆಸರು ಅಂತ ಬರೆದಿರುತ್ತದೆ. ಇಗ್ನಿಷನ್ ಆನ್ ಮಾಡಿ, ಟಿಎಫ್‌ಎ ಮತ್ತು ಜಿಎನ್‌ಡಿ ಅಂತ ಇರುವ ಎರಡು ತೂತುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ. ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟಾರ್, ರಿಲೇ ಚೆನ್ನಾಗಿವೆ, 1.6 ಎಂಜಿನ್ ಆದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಕವಾಟ) ಇರುವ ಕವಚದಲ್ಲಿ ಕೂತಿರುವ ಫ್ಯಾನ್ ಸ್ವಿಚ್ ಕಡೆ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ಕಡೆ ಹೋಗಿ.

ಫ್ರೀವೇನಲ್ಲಿ ಓಡುವಾಗ ಬಿಸಿಯಾಗಿ, ನಿಧಾನವಾದರೆ ತಣ್ಣಗಾದರೆ ಕಥೆ ಬೇರೆ. ಗಾಳಿ ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಕೋರ್, ಅಂದರೆ ರೇಡಿಯೇಟರ್ ನಡುವಿನ ಕೊಳವೆಗಳ ಭಾಗ, ಒಳಗೆ ಕಟ್ಟಿಕೊಂಡಿದೆ. ನಮ್ಮ ಕನ್ನಡ ಕೂಟದ ಹುಡುಗನೊಬ್ಬ ಫೋನ್ ಮಾಡಿದ್ದ: "ಅಣ್ಣಾ, ಎಲ್ಲರಿಗಿಂತ ದಪ್ಪದ ರೇಡಿಯೇಟರ್ ಹಾಕ್ಸಿದ್ದೀನಿ. ಆದ್ರೂ ಫ್ರೀವೇನಲ್ಲಿ ಮುಳ್ಳು ಮೇಲಕ್ಕೆ ಹೋಗ್ತಿದೆ."

"ಎಂಜಿನ್ ಕೆಳಗೆ ಕಪ್ಪು ಪ್ಲಾಸ್ಟಿಕ್ ತಟ್ಟೆ ಇದೆಯೇನೋ?"

"ಆಯಿಲ್ ಚೇಂಜ್ ಮಾಡುವಾಗ ಅಡ್ಡ ಬರುತ್ತೆ ಅಂತ ಬಿಚ್ಚಿಟ್ಟೆ. ಗ್ಯಾರೇಜಲ್ಲೇ ಇದೆ."

ಆ ತಟ್ಟೆ ಬರೀ ಕೆಸರು ತಡೆಯಲಿಕ್ಕಲ್ಲ. ಮುಂಭಾಗದ ಬಾಯಿಂದ ನುಗ್ಗಿದ ಗಾಳಿ ಕೆಳಗೆ ಸೋರಿಹೋಗದೆ ರೇಡಿಯೇಟರ್ ಮೂಲಕವೇ ಹಾಯಬೇಕಲ್ಲ, ಆ ಕೆಲಸ ಅದರದ್ದು. ತಟ್ಟೆ ವಾಪಸ್ ಹಾಕಿದ, ಮುಳ್ಳು ನಡುವಿಗೆ ಬಂದು ನಿಂತಿತು. ಅದಕ್ಕೇ ಹೇಳುತ್ತೇನೆ, ಕಳೆದುಹೋದ ತಟ್ಟೆ ಮತ್ತು ರೇಡಿಯೇಟರ್ ಸುತ್ತಲಿನ ಫೋಮ್ ಪಟ್ಟಿಗಳಿಗೆ ಮೊದಲು ದುಡ್ಡು ಹಾಕಿ. ಎಸಿ ಇರುವ ಕಾರಾದರೆ ರೇಡಿಯೇಟರ್ ಮುಂದೆ ಕಂಡೆನ್ಸರ್, ಅಂದರೆ ಎಸಿಯ ಬಿಸಿ ಹೊರಹಾಕುವ ಜಾಲರಿ, ಇರುತ್ತದೆ. ಎರಡರ ನಡುವೆ ಒಣಗಿದ ಎಲೆ, ಹುಳ ಸೇರಿ ಕಂಬಳಿಯಂತೆ ಕಟ್ಟಿಕೊಂಡಿರುವುದನ್ನು ನಾನೇ ಕೈಯಾರೆ ಕಿತ್ತಿದ್ದೇನೆ.

ಇನ್ನೊಂದು ಕೆಟ್ಟ ಸಾಧ್ಯತೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ ಮತ್ತು ಬ್ಲಾಕ್ ನಡುವಿನ ಪದರ, ಹೋಗಿರುವುದು. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನಿಲ್ಲದೆ ಗುಳ್ಳೆ ಬರುತ್ತಿದೆಯಾ? ಕಾರಣ ಗೊತ್ತಾಗದೆ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಕಡಿಮೆಯಾಗುತ್ತಿದೆಯಾ? ಆಟೋ ಅಂಗಡಿಯಲ್ಲಿ ನೀಲಿ ದ್ರವದ ಟೆಸ್ಟರ್ ಸಿಗುತ್ತದೆ. ದಹನದ ಹೊಗೆ ನೀರಿಗೆ ಸೇರುತ್ತಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಹಳದಿಯಾದರೆ ರೇಡಿಯೇಟರ್ ವಿಚಾರ ಸದ್ಯಕ್ಕೆ ಬದಿಗಿಡಿ.

ನಿಮಗೆ ಬೇಕಾದದ್ದು ಯಾವುದು?

ನಾನು ಬೆಳೆದದ್ದು ಅಂಬಾಸಡರ್ ಕಾಲದಲ್ಲಿ. ಆಗ ರೇಡಿಯೇಟರ್ ಅಂದರೆ ತಾಮ್ರ, ಹಿತ್ತಾಳೆ. ಸೋರಿದರೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಒಯ್ದು ಬೆಸುಗೆ ಹಾಕಿಸಿ ತರುತ್ತಿದ್ದೆವು. ಹಾಗಾಗಿ ತಾಮ್ರದ್ದೇ ಒಳ್ಳೆಯದು ಅನ್ನುವ ನಂಬಿಕೆ ನನ್ನಲ್ಲೂ ಇತ್ತು. ಬಿಸಿ ಹರಿಸುವುದರಲ್ಲಿ ತಾಮ್ರ ಮುಂದೆ, ನಿಜ. ಆದರೆ ಆ ರೇಡಿಯೇಟರ್‌ಗಳಲ್ಲಿ ನೀರು ಹರಿಯುವ ಕೊಳವೆ ಹಿತ್ತಾಳೆಯದು, ಅದು ಅಲ್ಯೂಮಿನಿಯಂಗಿಂತ ಹಿಂದೆ. ಜೋಡಿಸುವ ಬೆಸುಗೆ ಇನ್ನೂ ಹಿಂದೆ. ಅಲ್ಯೂಮಿನಿಯಂ ಗಟ್ಟಿ, ಹಗುರ. ಅದರಲ್ಲಿ ಅಗಲವಾದ ಕೊಳವೆ ಮಾಡಬಹುದು, ಗಾಳಿಗೆ ಬಿಸಿ ಬಿಡುವ ತೆಳು ರೆಕ್ಕೆಗಳಾದ ಫಿನ್‌ಗಳು ಅದಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತವೆ. ಮಿಯಾಟಾಗೆ ಮೊದಲಿನಿಂದಲೂ ಅಲ್ಯೂಮಿನಿಯಂ ಕೋರೇ ಇದೆ.

ಹಾಗಾದರೆ ಅಂಗಡಿಯಲ್ಲಿ ನಿಜವಾದ ಆಯ್ಕೆ ಎರಡೇ. ಮೂಲದಂತೆ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್. ಇಲ್ಲವೇ ಟ್ಯಾಂಕ್ ಸಮೇತ ಪೂರ್ತಿ ಅಲ್ಯೂಮಿನಿಯಂ.

ಕೆಲಸಕ್ಕೆ ಹೋಗಿ ಬರಲು, ಭಾನುವಾರ ಬೆಟ್ಟದ ರಸ್ತೆಗೆ, ಎಂಜಿನ್ ಬದಲಾವಣೆ ಏನೂ ಇಲ್ಲ ಅಂದರೆ ಒಳ್ಳೆ ತಯಾರಕರ ಪ್ಲಾಸ್ಟಿಕ್ ಟ್ಯಾಂಕಿನದ್ದೇ ಸಾಕು. ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ. ಮೂಲ ರೇಡಿಯೇಟರ್ ಅಷ್ಟು ವರ್ಷ ತಾಳಿತಲ್ವಾ? ಟರ್ಬೋ ಹಾಕಿಸಿದ್ದರೆ, ಅಥವಾ ಲಗೂನಾ ಸೆಕಾದಂಥ ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸುವವರಾದರೆ ಪೂರ್ತಿ ಅಲ್ಯೂಮಿನಿಯಂ, ಸ್ವಲ್ಪ ದಪ್ಪದ ಕೋರ್ ತೆಗೆದುಕೊಳ್ಳಿ. ನಾನು ಟ್ರ್ಯಾಕ್‌ಗೆ ಹೋಗುವುದಿಲ್ಲ. ಆದರೂ ಪೂರ್ತಿ ಅಲ್ಯೂಮಿನಿಯಂ ಹಾಕಿಸಿದೆ, ಟ್ಯಾಂಕ್ ಮತ್ತೆ ಒಡೆಯುವ ಭಯ ಬೇಡ ಅಂತ.

ದಪ್ಪ ಜಾಸ್ತಿಯಾದಷ್ಟೂ ತಂಪು ಜಾಸ್ತಿ ಅನ್ನುವುದು ಪೂರ್ತಿ ನಿಜವಲ್ಲ. ಗಾಳಿ ಮುಂದಿನ ಸಾಲಿನ ಕೊಳವೆ ದಾಟುವಷ್ಟರಲ್ಲೇ ಬಿಸಿಯಾಗಿರುತ್ತದೆ. ಹಿಂದಿನ ಸಾಲಿಗೆ ಸಿಗುವುದು ಆ ಬಿಸಿ ಗಾಳಿಯೇ. ದಪ್ಪ ಕೋರ್ ದಾಟುವುದು ಗಾಳಿಗೂ ಕಷ್ಟ. ನಿಧಾನಕ್ಕೆ ಓಡುವಾಗ, ಫ್ಯಾನ್ ಒಂದೇ ಗತಿಯಾದಾಗ ಅದು ಎದ್ದು ಕಾಣುತ್ತದೆ. ಜೊತೆಗೆ ತೀರಾ ದಪ್ಪದ್ದಾದರೆ ಹಿಂದಿರುವ ಫ್ಯಾನ್‌ಗಳಿಗೆ ಜಾಗ ಸಾಲದು.

ದುಡ್ಡು ಕೊಡುವ ಮುನ್ನ

ನಿಮ್ಮದು ಆಟೋಮ್ಯಾಟಿಕ್ ಗೇರಾ, ಮ್ಯಾನ್ಯುಯಲ್ಲಾ? ಆಟೋಮ್ಯಾಟಿಕ್‌ನಲ್ಲಿ ಗೇರ್ ಆಯಿಲ್ ತಂಪಾಗುವುದು ರೇಡಿಯೇಟರ್‌ನ ಕೆಳಗಿನ ಟ್ಯಾಂಕ್ ಒಳಗೆ. ಅದಕ್ಕೆ ಎರಡು ಪೈಪ್ ಬಾಯಿ ಬೇಕೇ ಬೇಕು. ಮ್ಯಾನ್ಯುಯಲ್ ಕಾರಿಗೆ ಆಟೋಮ್ಯಾಟಿಕ್ ರೇಡಿಯೇಟರ್ ಹಾಕಬಹುದು, ಬಾಯಿಗಳಿಗೆ ಬಿರಡೆ ಹಾಕಿದರಾಯಿತು. ತಿರುಗಾಮುರುಗಾ ಆಗುವುದಿಲ್ಲ.

ಫ್ಯಾನ್ ಕೂರುವ ಬೋಲ್ಟ್ ತೂತುಗಳು ಮೂಲದ ಜಾಗದಲ್ಲೇ ಇವೆಯಾ ಕೇಳಿ. ಎಸಿ ಕಾರಿನಲ್ಲಿ ಫ್ಯಾನ್ ಎರಡು, ಎರಡಕ್ಕೂ ತೂತು ಬೇಕು. ನನಗೆ ಮೊದಲು ಬಂದ ರೇಡಿಯೇಟರ್‌ನಲ್ಲಿ ಒಂದು ತೂತು ಅರ್ಧ ಬೆರಳಿನಷ್ಟು ಪಕ್ಕದಲ್ಲಿತ್ತು. ಅಗ್ಗ ಅಂತ ತರಿಸಿದ್ದೆ, ವಾಪಸ್ ಕಳಿಸಿದೆ. ಡಬ್ಬಿ ಬಿಚ್ಚಿದ ಕೂಡಲೇ ಹಳೆಯದರ ಪಕ್ಕ ಮಲಗಿಸಿ ನೋಡಿ: ಹೋಸ್ ಬಾಯಿ, ಕೆಳಗಿನ ರಬ್ಬರ್‌ನಲ್ಲಿ ಕೂರುವ ಗೂಟ, ಮೇಲಿನ ಬ್ರಾಕೆಟ್ ತೂತು. ಪೂರ್ತಿ ಅಲ್ಯೂಮಿನಿಯಂನದ್ದಾದರೆ ಟ್ಯಾಂಕಿನ ಅಂಚಿಗೆ ಬೆರಳು ಓಡಿಸಿ. ವೆಲ್ಡಿಂಗ್ ಗೆರೆ ಒಂದೇ ಸಮ ಇರಬೇಕು. ಅಂಟಿನಿಂದ ಜೋಡಿಸಿದ್ದು ಅನ್ನಿಸಿದರೆ ಬೇಡ.

ಜೊತೆಗೆ ಹೊಸ ಥರ್ಮೋಸ್ಟಾಟ್, ಮೇಲೆ ಕೆಳಗಿನ ಹೋಸ್, ಹೊಸ ಮುಚ್ಚಳ ತರಿಸಿಕೊಳ್ಳಿ. ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಹಾಕಿದರೆ ಗಾಡಿ ತಂಪಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಬೇಗ ತೆರೆಯುತ್ತದೆ, ಅಷ್ಟೇ. ಪೂರ್ತಿ ತೆರೆದ ಮೇಲೆ ರೇಡಿಯೇಟರ್‌ನ ತಾಕತ್ತು ಎಷ್ಟಿದೆಯೋ ಅಷ್ಟೇ. ಮುಚ್ಚಳವನ್ನು ಮಾತ್ರ ಹಗುರವಾಗಿ ನೋಡಬೇಡಿ. ಅದು ಒಳಗೆ ಒತ್ತಡ ಹಿಡಿದಿಡುತ್ತದೆ. ಒತ್ತಡ ಅಳೆಯುವ ಮಾನ ಪಿಎಸ್‌ಐ, ಒಂದೊಂದು ಪಿಎಸ್‌ಐಗೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮುಚ್ಚಳದ ರಬ್ಬರ್ ಸತ್ತರೆ ಎಷ್ಟೇ ಒಳ್ಳೆ ರೇಡಿಯೇಟರ್ ಇದ್ದರೂ ನೀರು ಬೇಗ ಕುದಿಯುತ್ತದೆ.

ಕೂರಿಸುವಾಗ

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿ ವೈರ್ ಬಿಚ್ಚಿ, ಅಡಿ ತಟ್ಟೆ ತೆಗೆದು, ಅಗಲ ಬಾಯಿಯ ಪಾತ್ರೆ ಇಟ್ಟು ಕೆಳಗಿನ ಬಿರಡೆ ತಿರುಗಿಸಿ. ಹಳೇ ಕೂಲೆಂಟ್ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕ್ಯಾನಿಗೆ ತುಂಬಿ ಊರಿನ ವಿಷತ್ಯಾಜ್ಯ ಕೇಂದ್ರಕ್ಕೆ ಕೊಡಿ, ಮೋರಿಗೆ ಸುರಿಯಬೇಡಿ. ಫ್ಯಾನ್ ಪ್ಲಗ್, ಹೋಸ್ ಬಿಚ್ಚಿ ಮೇಲಿನ ಬ್ರಾಕೆಟ್ ತೆಗೆದರೆ ರೇಡಿಯೇಟರ್ ಫ್ಯಾನ್ ಸಮೇತ ಮೇಲಕ್ಕೆ ಬರುತ್ತದೆ. ಹೊಸದನ್ನು ಇಳಿಸುವಾಗ ಮುಂದೆ ಒಂದು ರಟ್ಟು ಇಡಿ, ಫಿನ್ ಮಡಚಿಕೊಳ್ಳುವುದು ತಪ್ಪುತ್ತದೆ. ಥರ್ಮೋಸ್ಟಾಟ್‌ನ ಪುಟ್ಟ ಅಲ್ಲಾಡುವ ಪಿನ್ ಮೇಲ್ಗಡೆ ಬರಲಿ, ಗಾಳಿ ಹೊರಬರುವುದು ಅಲ್ಲಿಂದ.

ಈ ಎಂಜಿನ್ನಿಗೆ ಒಟ್ಟು 6 ಲೀಟರ್ ಹಿಡಿಯುತ್ತದೆ. ಹಳೇ ಕೂಲೆಂಟ್ ಹೋಗುವಂತೆ ನೀರು ಹಾಯಿಸಿ ತೊಳೆದಿದ್ದರೆ ಬ್ಲಾಕ್ ಒಳಗೆ ಸ್ವಲ್ಪ ನೀರು ಉಳಿದೇ ಇರುತ್ತದೆ. ಹಾಗಾಗಿ ಮೊದಲು ನೀರು ಬೆರೆಸದ ಕೂಲೆಂಟ್ 3 ಲೀಟರ್ ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರ್ ಹಾಕುತ್ತಾ ತುಂಬಿಸಿ. ಅರ್ಧಕ್ಕರ್ಧ ಸರಿಹೋಗುತ್ತದೆ. ನಲ್ಲಿ ನೀರು ಬೇಡ, ಒಳಗೆ ಗಸಿ ಕಟ್ಟುತ್ತದೆ.

ಈಗ ಕಾರಿನ ಮೂತಿ ಮೇಲೆ ಬರುವಂತೆ ರ್‍ಯಾಂಪ್ ಮೇಲೆ ಹತ್ತಿಸಿ, ಬ್ಯಾಟರಿ ಜೋಡಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ. ಮೇಲಿನ ಹೋಸ್ ಆಗಾಗ ಹಿಸುಕಿ. ಗುಳುಗುಳು ಅಂತ ಗಾಳಿ ಬರುತ್ತದೆ, ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಹೋಗಿ. ಹೋಸ್ ಬಿಸಿಯಾಗಿ, ಒಳಗೆ ಹೀಟರ್ ಬೆಚ್ಚನೆ ಗಾಳಿ ಊದಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಫ್ಯಾನ್ ಒಮ್ಮೆ ತಾನಾಗಿ ತಿರುಗಿ ನಿಲ್ಲುವವರೆಗೆ ಕಾಯಿರಿ, ಅವಸರ ಮಾಡಬೇಡಿ. ಅಡಿ ತಟ್ಟೆ ವಾಪಸ್ ಹಾಕಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿಸಿ, ಹೋಸ್ ಕ್ಲಿಪ್‌ಗಳ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಟಿಶ್ಯೂ ಒಣಗೇ ಇದ್ದರೆ ಬೆಟ್ಟದ ರಸ್ತೆಗೆ ಹೊರಡಬಹುದು.