ಹಂಚದೆ ಉಳಿದ ಲಗ್ನಪತ್ರಿಕೆಗಳ ಹಿಂಬದಿ

ದಾವಣಗೆರೆಯ ಹಳೇಪೇಟೆಯ ಒಂದು ಓಣಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಗೆ ಬಂದಾಗ ಏಪ್ರಿಲ್ ಮತ್ತು ಮೇ ತಿಂಗಳ ಮುಹೂರ್ತಗಳ ಹನ್ನೊಂದು ಮದುವೆಗಳ ಲಗ್ನಪತ್ರಿಕೆಗಳು ಅಚ್ಚಾಗಿ, ಕಟಿಂಗ್ ಮುಗಿದು, ಕಟ್ಟು ಕಟ್ಟಿ ಕುಳಿತಿದ್ದವು. ಅವುಗಳನ್ನು ಒಯ್ಯಲು ಯಾರೂ ಬರಲಿಲ್ಲ. ಮದುವೆಯೇ ನಿಂತವರ ಮನೆಗೆ ಹೋಗಿ ಬಾಕಿ ಕೇಳುವ ಮುಖ ನನಗೂ ಇರಲಿಲ್ಲ. ಹೊಸ ಆಫ್‌ಸೆಟ್ ಯಂತ್ರಕ್ಕೆ ಹಿಂದಿನ ವರ್ಷವಷ್ಟೇ ಸಾಲ ಮಾಡಿದ್ದೆ. ಕಂತು ಕಟ್ಟಲು ರಿಸರ್ವ್ ಬ್ಯಾಂಕ್ ಕೊಟ್ಟಿದ್ದ ಬಿಡುವು ಆಗಸ್ಟ್‌ಗೆ ಮುಗಿಯಿತು, ಆ ಹೊತ್ತಿಗೆ ಬಡ್ಡಿ ಬೆಳೆದು ನಿಂತಿತ್ತು.

ಸಾಲ ಮಾಡಿದವರೆಲ್ಲ ಕುಸಿದು ಬೀಳುವುದಿಲ್ಲ, ನಾನು ಕುಸಿದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಮೂವತ್ತು ವರ್ಷ ಇಷ್ಟಪಟ್ಟಿದ್ದ ಇಂಕಿನ ವಾಸನೆ ಹೊಟ್ಟೆ ತೊಳಸುವಂತೆ ಮಾಡುತ್ತಿತ್ತು. ಅಂಗಡಿಯ ಶಟರ್‌ನ ಬೀಗಕ್ಕೆ ಕೀಲಿ ಹಾಕಿ, ತಿರುಗಿಸದೆಯೇ ಮನೆಗೆ ಮರಳಿದ ದಿನಗಳಿವೆ. ನಾಳೆ ಬೆಳಗಾಗದಿದ್ದರೆ ಒಳ್ಳೆಯದಿತ್ತು ಎಂಬ ಯೋಚನೆ ಬರತೊಡಗಿದ್ದನ್ನು ಹೆಂಡತಿಗೂ ಹೇಳಿರಲಿಲ್ಲ.

ನಾನು ಹುಟ್ಟು ಕಥೋಲಿಕ. ಪರಲೋಕ ಮಂತ್ರ, ನಮೋ ಮರಿಯ ನಾಲಿಗೆಯ ಮೇಲೆ ತಾವಾಗಿಯೇ ಓಡುತ್ತವೆ, ಆದರೆ ಆಗ ಅವು ನಾಲಿಗೆಯಿಂದ ಕೆಳಗಿಳಿಯುತ್ತಿರಲಿಲ್ಲ. ಪರಿಚಯದವರೊಬ್ಬರು ಕರೆದೊಯ್ದ ಪ್ರಾರ್ಥನಾ ಕೂಟದಲ್ಲಿ, ವಿಶ್ವಾಸ ಗಟ್ಟಿಯಿದ್ದವನಿಗೆ ಇಂಥದ್ದೆಲ್ಲ ಬರುವುದಿಲ್ಲ ಎಂದರು. ಮೊದಲೇ ಸಾಲಗಾರನಾಗಿದ್ದ ನಾನು ಅಂದಿನಿಂದ ದೇವರ ಮುಂದೆಯೂ ಬಾಕಿದಾರನಾದೆ. ಆ ಮಾತು ಆಡಿದವರ ಮೇಲೆ ಈಗ ಸಿಟ್ಟಿಲ್ಲ, ಆದರೆ ಆ ಮಾತು ತಪ್ಪೆಂಬುದರಲ್ಲಿ ನನಗೆ ಅನುಮಾನವೂ ಇಲ್ಲ.

ಕೊನೆಗೆ ಚರ್ಚಿನ ಗುರುಗಳ ಬಳಿ ಪಾಪನಿವೇದನೆಗೆಂದು ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಪ್ಪಾ, ಇದು ಪಾಪ ಅಲ್ಲ, ಕಾಯಿಲೆ. ಮೊದಲು ಡಾಕ್ಟರ ಹತ್ತಿರ ಹೋಗು. ಆಮೇಲೆ ಹದಿಮೂರನೇ ಕೀರ್ತನೆ ಓದು," ಎಂದರು. ಕೀರ್ತನೆಗಳೆಂದರೆ ಬೈಬಲಿನಲ್ಲಿರುವ ಪ್ರಾರ್ಥನಾ ಗೀತೆಗಳು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬ ಅರ್ಥದ ಮಾತು ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಕಥೋಲಿಕರ ಬೈಬಲಿನ 73 ಗ್ರಂಥಗಳಲ್ಲಿ ಅದೂ ಒಂದಾಗಿದ್ದು, 66 ಗ್ರಂಥಗಳಿರುವ ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಸಿಗುವುದಿಲ್ಲ. ನಾನು ಮನೋವೈದ್ಯರ ಬಳಿ ಹೋಗಿ ಮಾತ್ರೆ ಆರಂಭಿಸಿದೆ. ಕೆಲವು ವಾರಗಳಲ್ಲಿ ನಿದ್ದೆ ಬಂತು. ನಿದ್ದೆ ಬಂದ ಮೇಲೆಯೇ ಪ್ರಾರ್ಥನೆ ಸಾಧ್ಯವಾಯಿತು. ಈಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಬಹುದು. ಅದು ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ, ನನ್ನ ಆ ರಾತ್ರಿಗಳ ಕಾಲಕ್ಕೆ ಇರಲಿಲ್ಲ.

ಹದಿಮೂರನೇ ಕೀರ್ತನೆಯಲ್ಲಿರುವುದು ಆರೇ ವಚನಗಳು. ಮೊದಲ ಎರಡರಲ್ಲಿ "ಎಷ್ಟರವರೆಗೆ?" ಎಂಬ ಒಂದೇ ಪ್ರಶ್ನೆಯನ್ನು ನಾಲ್ಕು ಬಾರಿ ದೇವರ ಮುಖಕ್ಕೇ ಕೇಳಲಾಗಿದೆ. ಆಮೇಲಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಇದ್ದಕ್ಕಿದ್ದಂತೆ ಭರವಸೆ ಮತ್ತು ಹಾಡು. ನಾಲ್ಕನೆಯ ಮತ್ತು ಐದನೆಯ ವಚನಗಳ ನಡುವೆ ಏನು ನಡೆಯಿತೆಂದು ಅಲ್ಲಿ ಬರೆದಿಲ್ಲ. ಶತ್ರು ಸೋತಿಲ್ಲ, ಕಷ್ಟ ತೀರಿಲ್ಲ. ಪ್ರೂಫ್ ನೋಡಿ ಅಭ್ಯಾಸವಾದ ನನ್ನ ಕಣ್ಣಿಗೆ ಅಲ್ಲೊಂದು ಸಾಲು ಬಿಟ್ಟುಹೋದಂತೆ ಕಂಡಿತು. ಬಹಳ ದಿನ ನಾನು ಬದುಕಿದ್ದು ಆ ಬಿಟ್ಟುಹೋದ ಸಾಲಿನಲ್ಲಿಯೇ.

ಅದೇ ಕ್ರಮದಲ್ಲಿ ನನ್ನದನ್ನೂ ಬರೆಯಲು ತೊಡಗಿದೆ. ಕಾಗದ ಹುಡುಕಬೇಕಿರಲಿಲ್ಲ. ಹಂಚದೆ ಉಳಿದ ಲಗ್ನಪತ್ರಿಕೆಗಳ ಹಿಂಬದಿ ಖಾಲಿಯಿತ್ತು. ಮುಂಬದಿಯಲ್ಲಿ ಚಿನ್ನದ ಬಣ್ಣದ ಗಣಪತಿ, ಚಿರಂಜೀವಿ, ಚಿರಂಜೀವಿ ಸೌಭಾಗ್ಯವತಿ, ಎಂದೋ ಕಳೆದುಹೋದ ಮುಹೂರ್ತ. ಬೆಳಿಗ್ಗೆ ಐದೂವರೆಗೆ ಎದ್ದು ದಿನಕ್ಕೊಂದು ಪತ್ರಿಕೆ ತುಂಬಿಸುತ್ತಿದ್ದೆ. ಮೊದಲು ದೇವರನ್ನು ಕರೆಯುವುದು, ಆಮೇಲೆ ದೂರು, ಆಮೇಲೆ ಆ ದಿನದ ಮಟ್ಟಿಗಿನ ಒಂದೇ ಬೇಡಿಕೆ, ಕೊನೆಯಲ್ಲಿ ನಂಬಿಕೆಯ ಒಂದು ಸಾಲು. ಬೇಡಿಕೆ ಸಣ್ಣದಿರಬೇಕೆಂದು ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ. "ಸಾಲ ತೀರಿಸು" ಎಂದು ಬರೆಯದೆ "ಇವತ್ತು ಶಟರ್ ಎತ್ತಿಸು" ಎಂದು ಬರೆಯುತ್ತಿದ್ದೆ. ಕೊನೆಯ ಸಾಲು ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಬಾರದಿದ್ದಾಗ ಜಾಗ ಬಿಟ್ಟು ಏಳುತ್ತಿದ್ದೆ. ಬಿಡಬಹುದೆಂಬ ಧೈರ್ಯ ಕೊಟ್ಟದ್ದು 88ನೇ ಕೀರ್ತನೆ, ಏಕೆಂದರೆ ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಬೈಬಲಿನಿಂದ ಕಿತ್ತು ಹಾಕಲಿಲ್ಲ.

ಪ್ರವಾದಿ ಎಲೀಯನ ಕಥೆಯನ್ನು ನಾನು ಬಾಲ್ಯದಿಂದ ಕೇಳಿದ್ದರೂ ಅದು ಅರ್ಥವಾದದ್ದು ಆ ವರ್ಷ. ಸಾಯಬೇಕೆಂದು ಬೇಡಿ ಅವನು ಅಡವಿಯ ಗಿಡವೊಂದರ ಕೆಳಗೆ ಮಲಗುತ್ತಾನೆ. ನನ್ನ ಕಣ್ಣಿಗೆ ಅದು ಚಳ್ಳಕೆರೆ ಕಡೆಯ ಬಯಲಿನ ಜಾಲಿ ಗಿಡದಂತೆಯೇ ಕಾಣುತ್ತದೆ. ದೇವದೂತ ಬಂದು ಬೈಯುವುದಿಲ್ಲ, ಬೋಧನೆಯನ್ನೂ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟು ಏಳು, ತಿನ್ನು ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ದೇವರ ಮಾತು ಕೇಳಿಸುವುದು ಅದಕ್ಕೂ ನಲವತ್ತು ದಿನಗಳ ನಡಿಗೆಯ ನಂತರ, ಹೋರೇಬ್ ಬೆಟ್ಟದಲ್ಲಿ. ನನಗೆ ಕಾಗದ ಕೊಡುವ ವ್ಯಾಪಾರಿ ಲಿಂಗಾಯತರು, ನನ್ನಿಂದ ಅವರಿಗೆ ಸಾಕಷ್ಟು ಬಾಕಿಯಿತ್ತು. ಅವರು ಒಂದು ಸಂಜೆ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಹಿಡಿದು ಬಂದರು. "ಲೆಕ್ಕ ಆಮೇಲೆ ನೋಡೋಣ ಮಾರಾಯ, ಮೊದಲು ತಿನ್ನು," ಎಂದು ಹಳೆಯ ದಿನಪತ್ರಿಕೆ ಹಾಸಿ ಮಂಡಕ್ಕಿ ಸುರಿದರು. ಅವರಿಗೆ ಎಲೀಯನ ಕಥೆ ಗೊತ್ತಿರಲಿಲ್ಲ.

2022ರಲ್ಲಿ ಪೂರ್ತಿ ಗುಣವಾದೆನೆಂದುಕೊಂಡು ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟೆ. ಎರಡೇ ತಿಂಗಳಲ್ಲಿ ಮತ್ತೆ ಅದೇ ರಾತ್ರಿ ಮೂರು ಗಂಟೆ. ಮರುವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಶಿಲುಬೆ ಹೊತ್ತ ಯೇಸುವಿನ ಕೊನೆಯ ನಡಿಗೆಯನ್ನು ನೆನೆಯುವ ಶಿಲುಬೆಯ ಹಾದಿಯ 14 ಸ್ಥಳಗಳನ್ನು ಸುತ್ತುವಾಗ, ಯೇಸು ಬೀಳುವ ಸ್ಥಳಗಳ ಮುಂದೆ ಮೊದಲ ಬಾರಿ ನಿಜವಾಗಿ ನಿಂತೆ. ಮೂರನೆಯ, ಏಳನೆಯ ಮತ್ತು ಒಂಬತ್ತನೆಯ ಸ್ಥಳಗಳಲ್ಲಿ ಅವರು ಬೀಳುತ್ತಾರೆ. ಈ ಬೀಳುವಿಕೆಗಳು ಬೈಬಲಿನ ಸುವಾರ್ತೆಗಳಲ್ಲಿಲ್ಲ, ಭಕ್ತರ ಪರಂಪರೆ ಸೇರಿಸಿದವು. ಒಮ್ಮೆ ಬಿದ್ದರೆ ಸಾಲದೆಂದು ಮೂರು ಬಾರಿ ಬೀಳಿಸಿದವರಿಗೆ ನನ್ನಂಥವರ ಪರಿಚಯವಿದ್ದಿರಬೇಕು. ಮಾತ್ರೆಯನ್ನು ಪುನಃ ಆರಂಭಿಸಿದೆ, ಈಗಲೂ ಕಡಿಮೆ ಪ್ರಮಾಣದಲ್ಲಿ ನುಂಗುತ್ತೇನೆ. ಸಾಲ ಅರ್ಧಕ್ಕಿಂತ ತುಸು ಹೆಚ್ಚು ತೀರಿದೆ.

ಕಳೆದ ವರ್ಷ ಆ ಹನ್ನೊಂದರಲ್ಲಿ ಒಂದು ಮದುವೆಯ ವರ ಅಂಗಡಿಗೆ ಬಂದಿದ್ದರು. ಮಗಳ ನಾಮಕರಣದ ಪತ್ರಿಕೆ ಮಾಡಿಸಬೇಕಿತ್ತು. ಅಳತೆ, ಕಾಗದ, ದರ ಎಲ್ಲ ಮುಗಿದ ಮೇಲೆ, "ಆವಾಗಿನ ನಮ್ಮ ಲಗ್ನಪತ್ರಿಕೆ ಒಂದಾದ್ರೂ ಉಳಿದೈತೇನ್ರಿ? ಮನೇಲಿ ಇಟ್ಕೊಳ್ಳೋಕೆ ಒಂದೂ ಇಲ್ಲ," ಎಂದು ಕೇಳಿದರು. ಇದೆ ಎಂದು ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದೆ. ಹಿಂಬದಿ ಖಾಲಿಯಿದ್ದ ಒಂದನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು.