2.20 ಎಂದರೆ ಎಷ್ಟು ಎಕರೆ? ರೈತರ ಅರ್ಜಿಯ ಆ್ಯಪ್ ವಿನ್ಯಾಸ ಮಾಡುವ ಬಗೆ

ಎರಡೂವರೆ ಎಕರೆ ಜಮೀನನ್ನು ರೈತರು 2-20 ಎಂದು ಬರೆಯುತ್ತಾರೆ. ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ. ಪಹಣಿಯ ಲೆಕ್ಕವೂ ಇದೇ. ಆದರೆ ಬೆಳೆ ಪರಿಹಾರದ ಅರ್ಜಿ ಹಾಕುವ ಆ್ಯಪ್‌ನಲ್ಲಿ ದಶಮಾಂಶದ ಒಂದೇ ಖಾನೆ ಕೊಟ್ಟರೆ ಅದು 2.20 ಎಕರೆ ಆಗುತ್ತದೆ, ಅಂದರೆ 2 ಎಕರೆ 8 ಗುಂಟೆ. ಅಲ್ಲಿಗೆ 12 ಗುಂಟೆ ಹೋಯಿತು. ಎರರ್ ಬರುವುದಿಲ್ಲ, ಪ್ರೋಗ್ರಾಮರ್‌ಗಳ ಟೆಸ್ಟಿಂಗ್‌ನಲ್ಲೂ ಸಿಗುವುದಿಲ್ಲ. ಪರಿಹಾರದ ಹಣ ಕಡಿಮೆ ಬಂದಾಗಲೇ ಗೊತ್ತಾಗುವುದು.

ಎರಡು ತುಂಡು ಜಮೀನು ಕೂಡಿಸುವಾಗ ಇದು ಇನ್ನೂ ಕೆಡುತ್ತದೆ. 1-25 ಮತ್ತು 2-30 ಸೇರಿದರೆ 4-15. ದಶಮಾಂಶದಲ್ಲಿ ಕೂಡಿಸಿದರೆ 3.55 ಬರುತ್ತದೆ. 55 ಗುಂಟೆ ಎನ್ನುವುದು ಯಾವ ಪಹಣಿಯಲ್ಲೂ ಇರಲಾರದು.

ಸರಿಪಡಿಸುವ ಬಗೆ ಹೀಗೆ. ಎಕರೆಗೊಂದು, ಗುಂಟೆಗೊಂದು ಖಾನೆ ಕೊಡಿ. ಗುಂಟೆಯ ಮಿತಿ 0ಯಿಂದ 39. ಆಣೆ ಇದ್ದವರಿಗೆ ಮೂರನೇ ಖಾನೆಯನ್ನು ಕೇಳಿದಾಗ ಮಾತ್ರ ತೆರೆಯಿರಿ. ಡೇಟಾಬೇಸ್‌ನಲ್ಲಿ ಎಲ್ಲವನ್ನೂ ಆಣೆಗೆ ಇಳಿಸಿ ಒಂದೇ ಪೂರ್ಣಾಂಕವಾಗಿ ಇಡಿ: 16 ಆಣೆ ಒಂದು ಗುಂಟೆ, 640 ಆಣೆ ಒಂದು ಎಕರೆ. ಖಾನೆಗಳ ಕೆಳಗೆ "ಎರಡು ಎಕರೆ ಇಪ್ಪತ್ತು ಗುಂಟೆ" ಎಂದು ಅಕ್ಷರದಲ್ಲಿ ತೋರಿಸಿ. ಯಾರಾದರೂ ಗುಂಟೆಯಲ್ಲಿ 50 ಹಾಕಿದರೆ ಸದ್ದಿಲ್ಲದೆ 1-10 ಮಾಡಬೇಡಿ. ಅದು 5 ಒತ್ತಲು ಹೋಗಿ ಕೈತಪ್ಪಿ ಬಂದ ಸೊನ್ನೆಯೂ ಇರಬಹುದು. ಕೇಳಿ ಖಚಿತ ಮಾಡಿಕೊಳ್ಳಿ.

ಮೊದಲು ಕೌಂಟರ್ ಪಕ್ಕ ಕೂರಿ

ಇಂಥ ಸಂಗತಿ ಮೀಟಿಂಗ್ ರೂಮಿನಲ್ಲಿ ಹೊಳೆಯುವುದಿಲ್ಲ. ಐಎಸ್‌ಒ 9241-210 ಎಂಬ, ಬಳಸುವವರನ್ನು ಕೇಂದ್ರದಲ್ಲಿಟ್ಟ ವಿನ್ಯಾಸದ ಅಂತರರಾಷ್ಟ್ರೀಯ ಮಾನಕವೂ ಬಳಕೆಯ ಸಂದರ್ಭ ಅರಿಯುವುದರಿಂದಲೇ ಶುರುವಾಗುತ್ತದೆ. ಆಮೇಲೆ ಅಗತ್ಯ ಬರೆಯುವುದು, ವಿನ್ಯಾಸ, ಬಳಸುವವರ ಮುಂದಿಟ್ಟು ಪರೀಕ್ಷೆ, ಸೋತಲ್ಲಿಗೆ ಮತ್ತೆ ಹಿಂದಿರುಗುವುದು. ಒಂದು ಸ್ಕ್ರೀನ್ ಕೂಡ ಬಿಡಿಸುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಗ್ರಾಮ ಒನ್‌ನಲ್ಲೋ ಅನುಮತಿ ಪಡೆದು ಎರಡು ಪೂರ್ತಿ ದಿನ ಕೂರಿ, ಅದರಲ್ಲೊಂದು ಸಂತೆಯ ದಿನವಾಗಿರಲಿ. ಬಂದವರ ಕೈಯಲ್ಲಿ ಯಾವ ಕಾಗದವಿದೆ, ಯಾವುದನ್ನು ತರಲು ವಾಪಸ್ ಹೋದರು, ಆಪರೇಟರ್ ಏನನ್ನು ಎರಡು ಸಲ ಕೇಳಿದರು, ಒಟಿಪಿ ಯಾರ ಫೋನಿಗೆ ಬಂತು ಎಂಬ ನಾಲ್ಕನ್ನೂ ಬರೆದುಕೊಳ್ಳಿ.

ಅಲ್ಲಿ ಬೇಗ ಕಾಣುವ ವಿಷಯ: ಬಳಕೆದಾರರು ಇಬ್ಬರು. ಅರ್ಜಿ ರೈತರದು, ಟೈಪ್ ಮಾಡುವವರು ಬಹಳ ಸಲ ಆಪರೇಟರ್, ಮಗಳು ಅಥವಾ ಪಕ್ಕದ ಮನೆಯ ಹುಡುಗ. ಹಾಗಾಗಿ ಕೊನೆಯ ಪರಿಶೀಲನೆಯ ಪುಟವನ್ನು ಆಪರೇಟರ್‌ಗಲ್ಲ, ರೈತರಿಗೆಂದೇ ಮಾಡಿ: ದೊಡ್ಡ ಅಕ್ಷರ, ಹೆಸರು, ಊರು, ವಿಸ್ತೀರ್ಣ, ಬೆಳೆ, ಅಷ್ಟೇ. ಗಟ್ಟಿಯಾಗಿ ಓದಿ ಹೇಳುವ ಬಟನ್ ಇದ್ದರೆ ಓದು ಬಾರದವರೂ ತಪ್ಪು ಹಿಡಿಯುತ್ತಾರೆ.

ಹೆಸರು, ಬೆಳೆ, ಫೋನ್

"ಕೊನೆಯ ಹೆಸರು" ಕಡ್ಡಾಯ ಮಾಡಬೇಡಿ. ಇನಿಶಿಯಲ್ ಮತ್ತು ಒಂದೇ ಹೆಸರು ಇರುವವರು ಅಲ್ಲಿ ಚುಕ್ಕಿ ಇಡುತ್ತಾರೆ, ಇಲ್ಲವೇ ಅಪ್ಪನ ಹೆಸರು ತುಂಬುತ್ತಾರೆ. ಮುಂದೆ ಯಾವ ದಾಖಲೆಗೂ ತಾಳೆಯಾಗುವುದಿಲ್ಲ. "ಪೂರ್ತಿ ಹೆಸರು" ಎಂಬ ಒಂದೇ ಖಾನೆ ಸಾಕು. ಬಸವರಾಜ, ಬಸವರಾಜು, ಬಸವರಾಜ್ ಮೂರೂ ಒಬ್ಬರೇ ಇರಬಹುದು. ಅಕ್ಷರಕ್ಕೆ ಅಕ್ಷರ ಹೋಲಿಸಿ ಅರ್ಜಿ ತಿರಸ್ಕರಿಸುವ ಕೋಡ್ ಬರೆಯುವುದು ಅನ್ಯಾಯ. ವ್ಯತ್ಯಾಸ ಕಂಡರೆ ಅಧಿಕಾರಿಯ ಪರಿಶೀಲನೆಗೆ ಕಳಿಸಿ.

ಬೆಳೆಯ ಹೆಸರು ಊರಿಂದೂರಿಗೆ ಬೇರೆ. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ ಒಂದೇ ಬೆಳೆ. ಉತ್ತರದ ಶೇಂಗಾ ದಕ್ಷಿಣದಲ್ಲಿ ಕಡಲೆಕಾಯಿ. ಪಟ್ಟಿಯಲ್ಲಿ ಒಂದೇ ಹೆಸರಿಟ್ಟರೆ ಜನ "ಇತರೆ" ಒತ್ತುತ್ತಾರೆ. ಎಲ್ಲ ಹೆಸರುಗಳೂ ಒಂದೇ ಬೆಳೆಯ ಕೋಡ್‌ಗೆ ಹೋಗುವ ಸಮಾನಾರ್ಥಕ ಕೋಷ್ಟಕ ಮಾಡಿ, ಪ್ರತಿ ಬೆಳೆಗೂ ತೆನೆ ಅಥವಾ ಕಾಯಿ ಕಾಣುವ ಚಿತ್ರ ಹಾಕಿ.

ಒಂದು ಮನೆಗೆ ಒಂದೇ ಫೋನ್ ಇರುವುದು ಸಾಮಾನ್ಯ. ಮೊಬೈಲ್ ನಂಬರನ್ನೇ ಅನನ್ಯ ಗುರುತಾಗಿ ಇಟ್ಟರೆ ಅಣ್ಣ ಅರ್ಜಿ ಹಾಕಿದ ಮೇಲೆ ತಮ್ಮನಿಗೆ ದಾರಿಯೇ ಇರುವುದಿಲ್ಲ. ಒಟಿಪಿಗೆ 30 ಸೆಕೆಂಡ್ ಸಾಲದು, ಫೋನ್ ಹೊಲದಲ್ಲಿರುತ್ತದೆ. 10 ನಿಮಿಷ ಕೊಡಿ. ಪ್ರತಿ ಖಾನೆ ತುಂಬಿದ ಕೂಡಲೇ ಕರಡು ಉಳಿಸಿ.

ಕನ್ನಡ ಅಕ್ಷರದ ಕೆಲಸ

ಇಲ್ಲಿ ಆಗುವ ತಪ್ಪುಗಳು ಸಣ್ಣವು, ಪೆಟ್ಟು ದೊಡ್ಡದು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಒತ್ತು ಗುಣಿತಗಳೂ ಬೇರೆ ಬೇರೆ ಸಂಕೇತಗಳೇ. "ಮಲ್ಲಿಕಾರ್ಜುನಪ್ಪ" 15 ಸಂಕೇತ, 45 ಬೈಟ್. ಡೇಟಾಬೇಸ್‌ನಲ್ಲಿ ಹೆಸರಿಗೆ 50 ಬೈಟ್ ಇಟ್ಟಿದ್ದರೆ ಮುಂದೆ ಒಂದು "ಎಂ." ಸೇರಿಸಿದರೆ ತುಂಬಿ ಹರಿಯುತ್ತದೆ. ಒರಾಕಲ್ ಡೇಟಾಬೇಸ್‌ನಲ್ಲಿ ಉದ್ದವನ್ನು ಬರೀ ಸಂಖ್ಯೆಯಾಗಿ ಬರೆದರೆ ಡೀಫಾಲ್ಟ್ ಆಗಿ ಅದು ಬೈಟ್ ಲೆಕ್ಕ. ಅಕ್ಷರದ ಲೆಕ್ಕ ಬೇಕೆಂದು ಸ್ಪಷ್ಟವಾಗಿ ಬರೆಯಬೇಕು.

ಕನ್ನಡ ಅಂಕಿಯನ್ನೂ ಒಪ್ಪಿಕೊಳ್ಳಿ. ಜಾವಾಸ್ಕ್ರಿಪ್ಟ್‌ನ ಅಂಕಿ ಹುಡುಕುವ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ೪೫ ಅನ್ನು ಅಂಕಿ ಎಂದು ಗುರುತಿಸುವುದಿಲ್ಲ. ಮೊದಲು 45 ಮಾಡಿ, ಆಮೇಲೆ ಪರಿಶೀಲಿಸಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ (೦) ಒತ್ತುವವರೂ ಇದ್ದಾರೆ: "ಬೆ೦ಗಳೂರು" ಕಣ್ಣಿಗೆ ಸರಿ, ಹುಡುಕಾಟಕ್ಕೆ ಬೇರೆಯೇ ಪದ. ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಅನುಸ್ವಾರವಾಗಿ ಬದಲಿಸಿ. "ಅಪ್‌ಲೋಡ್" ಥರದ ಪದಗಳ ನಡುವೆ ಕಾಣದ ಶೂನ್ಯ-ಅಗಲದ ಸಂಕೇತವಿರುತ್ತದೆ. ಹುಡುಕುವಾಗ ಎರಡೂ ಕಡೆ ಅದನ್ನು ತೆಗೆದು ಹೋಲಿಸಿ, ಉಳಿಸುವಾಗ ಮಾತ್ರ ಅದು ಹಾಗೆಯೇ ಇರಲಿ.

ಸಾಲಿನ ಎತ್ತರ ಅಕ್ಷರದ ಗಾತ್ರದ ಸುಮಾರು 1.6 ಪಟ್ಟಿಗಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಹುದು. ಬಟನ್‌ಗೆ ಎತ್ತರ ಬಿಗಿಯಾಗಿ ಕಟ್ಟಿದರೆ "ಒಪ್ಪಿಗೆ"ಯ ಪ ಒತ್ತು ಕತ್ತರಿಸಿ ಹೋಗುತ್ತದೆ.

ಕನ್ನಡದ ಎಸ್‌ಎಂಎಸ್ ಒಂದಕ್ಕೆ 70 ಸಂಕೇತ ಮಾತ್ರ. ಮೀರಿದರೆ 67ರಂತೆ ತುಂಡಾಗುತ್ತದೆ. "ನಿಮ್ಮ ಅರ್ಜಿ ತಲುಪಿದೆ. ಅರ್ಜಿ ಸಂಖ್ಯೆ 48213" ಖಾಲಿ ಜಾಗ ಸೇರಿ 39. ಇಷ್ಟರಲ್ಲೇ ಹೇಳಿ.

ಐದು ಜನರ ಪರೀಕ್ಷೆ

ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಹೇಳಿದ "ಐವರು ಸಾಕು" ಎಂಬ ಮಾತನ್ನು ಅರ್ಧ ಮಾತ್ರ ಬಳಸುತ್ತಾರೆ. ಪ್ರತಿ ವ್ಯಕ್ತಿ ಸರಾಸರಿ 31% ತೊಡಕು ಬಯಲು ಮಾಡುತ್ತಾರೆ ಎಂದಿಟ್ಟುಕೊಂಡಾಗ ಐವರಿಂದ ಸುಮಾರು 85% ಸಿಗುತ್ತದೆ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಬರುವ ತೊಡಕು ಐವರಲ್ಲಿ ಸಿಗುವ ಸಾಧ್ಯತೆ 41% ಅಷ್ಟೇ. ಆದ್ದರಿಂದ ಐವರು ರೈತರು, ಐವರು ಆಪರೇಟರ್‌ಗಳು, ತಿದ್ದಿದ ಮೇಲೆ ಮತ್ತೆ ಬೇರೆ ಐದೈದು ಜನ.

ಕೆಲಸ ಕೊಡುವಾಗ ಸ್ಕ್ರೀನಿನ ಮೇಲಿನ ಪದ ಬಳಸಬೇಡಿ. "ಹಿಸ್ಸಾ ನಂಬರ್ ಹಾಕಿ" ಅನ್ನಬೇಡಿ. "ಮಳೆಗೆ ಬೆಳೆ ಹಾಳಾಗಿದೆ, ಪರಿಹಾರಕ್ಕೆ ಅರ್ಜಿ ಹಾಕಿ" ಎಂದು ಅವರದೇ ಪಹಣಿ ಕೈಗಿಟ್ಟು ಸುಮ್ಮನಿರಿ. ತಡವರಿಸಿದಾಗ ಸಹಾಯ ಮಾಡಬೇಕೆನಿಸುತ್ತದೆ. 30 ಸೆಕೆಂಡ್ ಕಾಯಿರಿ. ಪಕ್ಕದವರನ್ನು ಎಷ್ಟು ಸಲ ಕೇಳಿದರು, ಎಷ್ಟು ಸಲ ಹಿಂದಕ್ಕೆ ಹೋದರು ಎಂದು ಎಣಿಸಿ. "ಚೆನ್ನಾಗಿದೆಯಾ?" ಎಂದು ಕೇಳಿದರೆ ಜನ ಸೌಜನ್ಯಕ್ಕೆ ಹೌದು ಅಂತಾರೆ, ಆ ಉತ್ತರದಿಂದ ಏನೂ ತಿಳಿಯದು. "ಎಷ್ಟು ಜಮೀನಿಗೆ ಅರ್ಜಿ ಹೋಯಿತು?" ಎಂದು ಕೇಳಿ, ಉತ್ತರವನ್ನು ಪಹಣಿಯ ಜೊತೆ ತಾಳೆ ನೋಡಿ.

ಬಿಡುಗಡೆಯಾದ ಮೇಲೆ ಬೆಳೆ ಹುಡುಕಾಟದಲ್ಲಿ ಟೈಪ್ ಮಾಡಿಯೂ ಸಿಗದ ಪದಗಳನ್ನು ಪ್ರತಿ ವಾರ ತೆಗೆದು ಕೋಷ್ಟಕಕ್ಕೆ ಸೇರಿಸಿ. ಮುಂಗಾರಿನಲ್ಲಿ ಸರಿಮಾಡಿದ ಪಟ್ಟಿ ಹಿಂಗಾರಿನಲ್ಲಿ ಕಡಲೆ, ಕುಸುಬೆ ಬಂದಾಗ ಮತ್ತೆ ಸೋಲುತ್ತದೆ. ಆಗ ಇನ್ನೊಂದು ಸುತ್ತು ಐದೈದು ಜನರ ಪರೀಕ್ಷೆ ಇಟ್ಟುಕೊಳ್ಳಿ.