ಎಲೆಕ್ಟ್ರಿಕ್ ಕಾರು ಬುಕ್ ಮಾಡೋ ಮೊದಲು ಮನೆ ಅರ್ತಿಂಗ್ ನೋಡಿಸಿ

ಕಾರು ಬುಕ್ ಮಾಡುವ ಮೊದಲು ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್‌ನ ಮನೆಗೆ ಕರೆಸಿ. ನಮ್ಮ ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆಯ ಎಷ್ಟೋ ಹಳೇ ಮನೆಗಳಲ್ಲಿ ಅರ್ತಿಂಗ್ (ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿಂಗ್) ಹೆಸರಿಗಷ್ಟೇ ಇರುತ್ತದೆ. ಬಲ್ಬು, ಫ್ಯಾನಿಗೆ ಅದರ ಗೊಡವೆಯಿಲ್ಲ. ಆದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ಕೂತುಬಿಡುತ್ತದೆ.

ಕಾರಿನ ಜೊತೆ ಕೊಡುವ ಚಾರ್ಜರಿಗೆ ಸಾಮಾನ್ಯವಾಗಿ 16 ಆಂಪ್ ಪಾಯಿಂಟ್ ಸಾಕು. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್), ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಹಾಕಿಸಿ. ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತಲ್ವಾ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮೊದಲ ದಿನ ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಸಾಕೆಟ್ ಬದಲಾಯಿಸಿ.

ಈ ಪಾಯಿಂಟ್ ಸುಮಾರು 3.3 ಕಿಲೋವ್ಯಾಟ್ ಕೊಡುತ್ತದೆ. 30 ಯೂನಿಟ್ ಬ್ಯಾಟರಿ ಪೂರ್ತಿ ಖಾಲಿಯಿಂದ ತುಂಬಲು ಹತ್ತಿರ ಹತ್ತಿರ 10 ಗಂಟೆ ಬೇಕು. ರಾತ್ರಿ ಊಟ ಮಾಡಿ ಹಾಕಿದರೆ ಬೆಳಿಗ್ಗೆ ರೆಡಿ. ಗೋಡೆಗೆ ಕೂರಿಸುವ, ಬೇಗ ಚಾರ್ಜ್ ಮಾಡುವ 7.2 ಕಿಲೋವ್ಯಾಟ್ ವಾಲ್ ಬಾಕ್ಸ್ ಬೇಕೆಂದರೆ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ. ಕಮ್ಮಿಯಿದ್ದರೆ ನಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್ ಆಫೀಸಿನಲ್ಲಿ ಅರ್ಜಿ ಹಾಕಬೇಕು. ಮೈಸೂರಿನೊಳಗೇ ಓಡಾಡುವವರಿಗೆ ಅದೆಲ್ಲ ದಂಡದ ಖರ್ಚು ಅಂತ ನನಗನ್ನಿಸುತ್ತದೆ.

ಬೆಂಗಳೂರು ಹೈವೇಯಲ್ಲಿ 100ರಲ್ಲಿ ಓಡಿಸಿದರೆ 80ಕ್ಕಿಂತ ಚಾರ್ಜ್ ಬೇಗ ಇಳಿಯುತ್ತದೆ, ಕಂಪನಿ ಹೇಳುವ ಕಿಲೋಮೀಟರ್ ನಂಬಿ ಹೊರಡಬೇಡಿ. ಚಾಮುಂಡಿ ಬೆಟ್ಟ ಇಳಿಯುವಾಗ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ, ಹತ್ತುವಾಗ ತಿಂದಷ್ಟಲ್ಲ. ಬ್ಯಾಟರಿ ಪೂರ್ತಿ ತುಂಬಿದ್ದರೆ ಅದೂ ಸರಿಯಾಗಿ ಬರಲ್ಲ, ಕಾರು ತಾನಾಗಿ ನಿಧಾನ ಆಗುವುದೂ ಕಮ್ಮಿ. ಆಗ ಬ್ರೇಕ್ ಮೇಲೆ ಜಾಸ್ತಿ ಗಮನ ಇರಲಿ.